ಮುಚ್ಚಳದಕ್ಕನ ರಸಮೇವಿನ ಗುಂಡಿ

ಉಸಿರಿರುವುದಕ್ಕೆಲ್ಲ ಗಾಳಿ ಬೇಕು ಎಂಬ ಪಾಠವೊಂದನ್ನು ಶಾಲೆಯಲ್ಲಿ ಗಟ್ಟಿಯಾಗಿ ಕಲಿತಿದ್ದ ನೌಕರನೊಬ್ಬ, ಆ ಪಾಠದ ಬಲದಿಂದಲೇ ಎಂಟು ಕ್ವಿಂಟಾಲ್ ಮೇವನ್ನು ಕೊಳೆಸಿದ.

ಹಾಲಿನ ಡೈರಿಯಲ್ಲಿ ಅವನ ಹುದ್ದೆಯ ಹೆಸರು ಮೇವು ಸಹಾಯಕ. ಮೇವಿಗೆ ಅವನಿಂದ ಸಹಾಯವಾದ ದಾಖಲೆ ಅಲ್ಲಿಯವರೆಗೆ ಇರಲಿಲ್ಲ. ಮೂರು ದಿನದ ತರಬೇತಿಗೆ ಕಳಿಸಿದ್ದರು. ಮೊದಲ ದಿನ ಪರಿಚಯ, ಎರಡನೆಯ ದಿನ ಪರಿಚಯದ ಮುಂದುವರಿಕೆ, ಮೂರನೆಯ ದಿನ ಊಟವಾದ ಮೇಲೆ ಪಾಠ. ಒಣಹುಲ್ಲನ್ನು ಸಣ್ಣಗೆ ಕತ್ತರಿಸಿ, ಹಸಿಮೇವನ್ನೂ ಸಕ್ಕರೆ ಕಾರ್ಖಾನೆಯ ಕಪ್ಪು ಪಾಕ ಕಾಕಂಬಿಯನ್ನೂ ಬೆರೆಸಿ ಗುಂಡಿಯಲ್ಲಿ ಮುಚ್ಚಿಟ್ಟರೆ ಒಳಗೆ ಸೂಕ್ಷ್ಮಜೀವಿಗಳು ಕೆಲಸ ಮಾಡಿ ಅದನ್ನು ಹುಳಿ ಬರಿಸುತ್ತವೆ, ಹುಲ್ಲು ಮೆತ್ತಗಾಗಿ ದನಕ್ಕೆ ರುಚಿಸುತ್ತದೆ, ಚೆನ್ನಾಗಿ ಅರಗುತ್ತದೆ, ಇದಕ್ಕೇ ರಸಮೇವು ಎನ್ನುವುದು, ಇದು ಜೀವಂತ ಮೇವು ಎಂದು ತರಬೇತುದಾರರು ಹೇಳಿದರು. ಅಷ್ಟರಲ್ಲಿ ಚಹಾ ಬಂತು. ಆಮೇಲಿನ ವಾಕ್ಯವನ್ನು ನೌಕರ ಕೇಳಿಸಿಕೊಳ್ಳಲಿಲ್ಲ. ಬಿಸ್ಕತ್ತಿನ ತಟ್ಟೆ ಯಾವ ಕಡೆಯಿಂದ ಹೊರಟಿದೆ ಎಂದು ನೋಡುತ್ತಿದ್ದ.

ಡೈರಿಯ ಹಿಂಬದಿಯಲ್ಲಿ ಮಾದರಿ ಗುಂಡಿಯೊಂದನ್ನು ತುಂಬಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಮೇಲೆ ಅವನಿಗೆ ಒಳಗಿರುವ ಜೀವಿಗಳ ಮೇಲೆ ಕನಿಕರ ಹುಟ್ಟಿತು. ಮೊಳೆಯೊಂದನ್ನು ಕಾಯಿಸಿ ಹಾಳೆಗೆ ಹದಿನಾರು ತೂತು ಹಾಕಿದ. ನಾಲ್ಕು ಸಾಲು, ಸಾಲಿಗೆ ನಾಲ್ಕು, ಸ್ಕೇಲು ಇಟ್ಟು ಅಳೆದು. ನಲವತ್ತೈದನೆಯ ದಿನ ಹತ್ತು ಜನರ ಎದುರು ಹಾಳೆ ಎತ್ತಿದಾಗ ಮೇವು ಕಪ್ಪಗೆ ಲೋಳೆಗಟ್ಟಿತ್ತು, ಮೇಲೆ ಮುದುಕನ ಗಡ್ಡದಂತೆ ಬಿಳಿಯ ಬೂಷ್ಟು. ತಿಂದು ತೋರಿಸಲೆಂದು ಕರೆತಂದಿದ್ದ ಹಸು ಮೂಸಿ, ಸೀನಿ, ನೆರೆದವರೆಲ್ಲರಿಗೂ ಬೆನ್ನು ತಿರುಗಿಸಿ ನಿಂತಿತು.

ಹಾಲು ಹಾಕಲು ಬಂದಿದ್ದ ಹೆಂಗಸೊಬ್ಬಳು ಕ್ಯಾನು ಕೆಳಗಿಟ್ಟು ಕೇಳಿದಳು: "ಯಾರು ಹೋಗ್ಬಿಟ್ರು ಸಾರ್?"

"ಯಾರೂ ಇಲ್ಲಮ್ಮ. ಮೇವು."

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಈ ತೂತು ಯಾಕೆ?"

"ಒಳಗಿರೋದು ಉಸಿರಾಡ್ಲಿ ಅಂತ."

"ಉಸಿರಾಡಿದೆ ಬಿಡಿ. ನಮಗೇ ಉಸಿರಾಡೋಕಾಗ್ತಿಲ್ಲ."

ಅಂದಿನಿಂದ ಅವನಿಗೆ ಗಾಳಿ ಸಾರ್ ಎಂಬ ಹೆಸರು ಅಂಟಿಕೊಂಡಿತು. ಅವನ ನಿಜವಾದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇದನ್ನು ಬರೆಯುವವನಿಗೆ ಅವನ ಮೇಲೆ ಸ್ವಲ್ಪ ಮರುಕವಿದೆ. ಇಬ್ಬರದೂ ಒಂದೇ ಸಂಬಳದ ಚೀಟಿ.

ಆ ಹೆಂಗಸನ್ನು ಬೀದಿಯೆಲ್ಲ ಕರೆಯುವುದು ಮುಚ್ಚಳದಕ್ಕ ಎಂದು. ಐವತ್ತು ದಾಟಿ ಎರಡು ವರ್ಷ. ಹತ್ತೊಂಬತ್ತು ವರ್ಷ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಕೂತು ಜಾಡಿಗಳಿಗೆ ಮುಚ್ಚಳ ತಿರುಗಿಸಿದವಳು. ಬಲಗೈ ಹೆಬ್ಬೆರಳು ಚಮಚದ ಹಾಗೆ ಚಪ್ಪಟೆಯಾಗಿದೆ. ಮುಚ್ಚಳ ಗಟ್ಟಿಯಿದ್ದರೆ ಒಳಗಿನದು ವರ್ಷವಿಡೀ ಕೆಡದು, ಕೂದಲೆಳೆಯಷ್ಟು ಸಡಿಲವಿದ್ದರೆ ಹದಿನೈದು ದಿನದಲ್ಲಿ ಬೂಷ್ಟು, ಇಷ್ಟು ತಿಳಿಯಲು ಅವಳು ಯಾವ ತರಬೇತಿಯಲ್ಲೂ ಬಿಸ್ಕತ್ತು ತಿಂದಿರಲಿಲ್ಲ.

ಕಾರ್ಖಾನೆಗೆ ಮುಚ್ಚಳ ಹಾಕುವ ಯಂತ್ರ ಬಂದಾಗ ಅವಳನ್ನು ಅದರ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಜಾಡಿಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಸಡಿಲವಿದ್ದದ್ದನ್ನು ಪಕ್ಕಕ್ಕಿಡುವ ಕೆಲಸ. ಮೊದಲ ದಿನವೇ ನೂರಹತ್ತು ಜಾಡಿ ಪಕ್ಕಕ್ಕಿಟ್ಟಳು. ಯಂತ್ರ ತರಿಸಿದ ಮ್ಯಾನೇಜರರ ಮುಖ ಹುಳ್ಳಗಾಯಿತು.

"ಇಷ್ಟೊಂದು ಇರೋಕೆ ಸಾಧ್ಯ ಇಲ್ಲಮ್ಮ. ಸ್ವಲ್ಪ ಕಮ್ಮಿ ಕೇಳಿಸ್ಕೊಳ್ಳಿ."

"ಇರೋದೇ ಎರಡು ಕಿವಿ ಸಾರ್. ಯಾವುದನ್ನ ಮುಚ್ಕೊಳ್ಲಿ?"

ವಾರ ಕಳೆಯುವುದರೊಳಗೆ ಅವಳು ಮನೆಯಲ್ಲಿದ್ದಳು. ಯಂತ್ರ ಈಗಲೂ ಕಾರ್ಖಾನೆಯಲ್ಲಿದೆ.

ಮನೆಯೆಂದರೆ ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಇರುವ ಮೂರು ಕೋಣೆ. ಬೀದಿಗೆ ಮುಖಮಾಡಿದ ಕೋಣೆಯಲ್ಲಿ ಮೈದುನನ ಹೊಲಿಗೆ ಅಂಗಡಿ. ನಡುವಿನದರಲ್ಲಿ ಸಂಸಾರ. ಕೊನೆಯದು ಅಡುಗೆಮನೆ, ಅದರ ಕಿಟಕಿ ತೆರೆದರೆ ನೇರ ಕೊಟ್ಟಿಗೆ, ಒಗ್ಗರಣೆಯ ಹೊಗೆಗೆ ಮೊದಲು ಸೀನುವುದು ಹಸು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಬಂದು ಮಲಗಿ ಎದ್ದು ಹೋಗುತ್ತಾನೆ. ಹಸುಗಳು ಐದು. ಹೊಲವೆಂಬುದು ಅಂಗೈಯಗಲವೂ ಇಲ್ಲ. ಬೇಸಿಗೆ ಬಂತೆಂದರೆ ಹಸಿಮೇವು ಮಾಯ, ಉಳಿಯುವುದು ಕೊಂಡುತಂದ ಒಣಹುಲ್ಲು. ಬರೀ ಹುಲ್ಲಿನಲ್ಲಿ ಹೊಟ್ಟೆ ಉಬ್ಬುತ್ತದೆಯೇ ಹೊರತು ಮೈ ಹತ್ತುವುದಿಲ್ಲ. ಹಿಂದಿನ ಬೇಸಿಗೆಯಲ್ಲಿ ಗಬ್ಬದ ಹಸುವೊಂದು ಹೀಗೇ ಸೊರಗುತ್ತ ಸೊರಗುತ್ತ ಒಂದು ಬೆಳಗ್ಗೆ ಕೂತಲ್ಲಿಂದ ಏಳಲಿಲ್ಲ. ನಾಲ್ಕು ಜನ ಹಿಡಿದು ಎತ್ತಿದರು, ಹಗ್ಗ ಕಟ್ಟಿ ಎತ್ತಿದರು. ಮೂರನೆಯ ದಿನ ಎತ್ತುವ ಅಗತ್ಯ ಬೀಳಲಿಲ್ಲ. ಈ ಸಲ ಗಬ್ಬವಾಗಿರುವವು ಎರಡು.

ಆದ್ದರಿಂದ ಡೈರಿಯವರು ಹತ್ತು ಮನೆಗಳಲ್ಲಿ ರಸಮೇವಿನ ಗುಂಡಿ ಮಾಡಿಸುತ್ತಾರೆ, ಹಾಳೆ ಅವರೇ ಕೊಡುತ್ತಾರೆ ಎಂದು ತಿಳಿದಾಗ ಎಲ್ಲರಿಗಿಂತ ಮೊದಲು ಹೆಸರು ಬರೆಸಿದವಳು ಅವಳು. ಸ್ವಂತ ಗುಂಡಿಯನ್ನೇ ಕೊಳೆಸಿದವನಿಗೆ ಹತ್ತು ಗುಂಡಿಗಳ ಉಸ್ತುವಾರಿ ಕೊಟ್ಟಿದ್ದರು. ಅನುಭವವನ್ನು ಗೌರವಿಸುವುದರಲ್ಲಿ ಡೈರಿ ಎಂದೂ ಹಿಂದೆ ಬಿದ್ದದ್ದಿಲ್ಲ.

ಮುಚ್ಚಳದಕ್ಕನ ಕೊಟ್ಟಿಗೆಯಲ್ಲಿ ತೋಡಿದ ಗುಂಡಿ ತುಂಬುವ ದಿನ ಗಾಳಿ ಸಾರ್ ಬಿಳಿ ಅಂಗಿ ತೊಟ್ಟು ಬಂದ. ಅದು ಅವನ ಎರಡನೆಯ ತಪ್ಪು. ಎರಡು ಬೆರಳುದ್ದಕ್ಕೆ ಕತ್ತರಿಸಿದ ಹುಲ್ಲು, ಕತ್ತರಿಸಿದ ಹಸಿ ಜೋಳದ ಗಿಡ, ತರಕಾರಿ ಮಾರುಕಟ್ಟೆಯಲ್ಲಿ ಎಸೆಯುವ ಕೋಸಿನ ಹೊರ ಎಲೆ ಎಲ್ಲ ರಾಶಿಯಾಗಿ ಬಿದ್ದಿತ್ತು. ಅವಳು ಕಾಕಂಬಿಯನ್ನು ನೀರಿನಲ್ಲಿ ಕದಡಿ ಚಿಮುಕಿಸುತ್ತ, ಆಗಾಗ ಒಂದು ಹಿಡಿ ತೆಗೆದು ಹಿಂಡುತ್ತಿದ್ದಳು. ಬೆರಳ ಸಂದಿನಿಂದ ನೀರು ತೊಟ್ಟಿಕ್ಕಿದರೆ ಹೆಚ್ಚಾಯಿತು. ಕೈಬಿಟ್ಟೊಡನೆ ಚೆದುರಿದರೆ ಸಾಲದು. ಉಂಡೆಯಾಗಿ ನಿಂತು ಮೆಲ್ಲಗೆ ಬಿಚ್ಚಿಕೊಂಡರೆ ಹದ. ತೇವಾಂಶ ಅಳೆಯಲು ಶೇಕಡಾ ಲೆಕ್ಕದ ಪಟ್ಟಿಯೊಂದನ್ನು ತಂದಿದ್ದವನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಒಂದೊಂದು ಪದರ ಹಾಕಿದ ಮೇಲೂ ತುಳಿಯಬೇಕು, ಒಳಗಿನ ಗಾಳಿಯೆಲ್ಲ ಹೊರಬೀಳುವಂತೆ. ಅವನು ಪ್ಯಾಂಟು ಮಡಚಿ ಇಳಿದು ತುಳಿದ. ಅವಳು ಸ್ವಲ್ಪ ಹೊತ್ತು ನೋಡಿದಳು.

"ಸಾರ್, ನೀವು ತುಳಿದಿದ್ದು ಹುಲ್ಲಿಗೆ ಗೊತ್ತೇ ಆಗ್ತಿಲ್ಲ. ಮೈದುನಾ! ಯಂತ್ರ ನಿಲ್ಸಿ ಬಾ ಇಲ್ಲಿ!"

ಟೈಲರ್ ಮೈದುನ ನೂರು ಕಿಲೋಗೆ ಕಮ್ಮಿಯಿಲ್ಲದ ಆಳು. ಕುತ್ತಿಗೆಯಲ್ಲಿ ಟೇಪು ತೂಗಾಡಿಸಿಕೊಂಡೇ ಗುಂಡಿಗಿಳಿದ. "ಅತ್ತಿಗೆ, ಜೀವನದಲ್ಲಿ ಮೊದಲ್ನೇ ಸಲ ನನ್ನ ಹೊಟ್ಟೆಗೆ ಮರ್ಯಾದೆ ಸಿಕ್ತು."

"ಮಾತು ಬೇಡ, ಮೂಲೆ ತುಳಿ. ಮೂಲೇಲೇ ಗಾಳಿ ಕೂರೋದು."

ಹಾಳೆಯ ವಿಷಯಕ್ಕೆ ಬಂದಾಗ ಅತ್ತಿಗೆ ಮೈದುನರಿಗೆ ಜಗಳವೇ ಆಯಿತು. ಡೈರಿ ಕೊಟ್ಟ ಹಾಳೆ ಎರಡು ತುಂಡು, ಗುಂಡಿ ಅದಕ್ಕಿಂತ ಅಗಲ. ಮೈದುನ ಎರಡು ತುಂಡನ್ನೂ ತನ್ನ ಯಂತ್ರದಲ್ಲಿ ಜೋಡಿ ಹೊಲಿಗೆ ಹಾಕಿ, ಬೇಕಾದರೆ ಅಂಚಿಗೆ ಪಟ್ಟಿಯನ್ನೂ ಕೊಡುತ್ತೇನೆ ಎಂದು ಹಿಗ್ಗಿದ. ಗಾಳಿ ಸಾರ್ ಸರಿಯೆಂದು ತಲೆಯಾಡಿಸಿದ.

"ಅಯ್ಯೋ ನಿಮ್ಮ! ಒಂದೊಂದು ಹೊಲಿಗೆಗೂ ಒಂದೊಂದು ತೂತು ಅಲ್ವೇನ್ರೋ?" ಎಂದಳು ಅವಳು. ಎಣಿಸಿದರೆ ಸಾವಿರ ದಾಟುತ್ತಿತ್ತು. ಗಾಳಿ ಸಾರ್ ಆಡಿಸುತ್ತಿದ್ದ ತಲೆಯನ್ನು ಅಲ್ಲೇ ನಿಲ್ಲಿಸಿದ. ಕೊನೆಗೆ ಉಪಾಯ ಹೊಳೆದದ್ದು ಮೈದುನನಿಗೇ. ತುಂಡುಗಳ ಅಂಚನ್ನು ಒಂದರ ಮೇಲೊಂದಿಟ್ಟು, ಮೇಲೆ ಹಳೆಯ ಪತ್ರಿಕೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಎಳೆದ. ಪ್ಲಾಸ್ಟಿಕ್ಕು ಕರಗಿ ಕಚ್ಚಿಕೊಂಡಿತು. ಹಾಳೆ ಹೊದಿಸಿ, ಸುತ್ತ ಹಸಿಮಣ್ಣು ಮೆತ್ತಿ, ಮೇಲೆ ಗಂಡ ತಂದುಹಾಕಿದ್ದ ಹಳೆಯ ಲಾರಿ ಟೈರುಗಳನ್ನು ಹೇರಿದರು. ನಲವತ್ತೈದು ದಿನ ಯಾರೂ ಮುಟ್ಟುವ ಹಾಗಿಲ್ಲ. ಅಷ್ಟೇ ಕೆಲಸ.

ಮುಟ್ಟದೆ ಇರುವ ಕೆಲಸಕ್ಕೆ ಡೈರಿಯಲ್ಲಿ ನಮೂನೆ ಇರಲಿಲ್ಲ. ಇದ್ದ ನಮೂನೆ ಕೋಳಿಮರಿ ಸಾಕಣೆಯದು. ಅದರಲ್ಲಿ ಮರಿ ಎಂದಿದ್ದಲ್ಲಿ ಮೇವು ಎಂದು ತಿದ್ದಿ ಕೊಟ್ಟಿದ್ದರು. ಕೋಳಿಮರಿಗಳನ್ನು ಆಗಾಗ ನೋಡಬೇಕಾದ್ದು ನ್ಯಾಯವೇ. ಹಾಗಾಗಿ ಮೇವನ್ನೂ ಹತ್ತನೆಯ ದಿನ ತೆಗೆದು ಬಣ್ಣ, ಇಪ್ಪತ್ತನೆಯ ದಿನ ತೆಗೆದು ವಾಸನೆ, ಮೂವತ್ತನೆಯ ದಿನ ಕೈ ಹಾಕಿ ಮೃದುತ್ವ ನೋಡಿ ಮೂರು ಖಾನೆ ತುಂಬಬೇಕಿತ್ತು.

ಗಾಳಿ ತಾಗಿದರೆ ಮೇವು ಹಾಳಾಗುತ್ತದೆಂದು ಅಷ್ಟು ಹೊತ್ತಿಗೆ ಗಾಳಿ ಸಾರ್‌ಗೆ ತಿಳಿದಿತ್ತು. ತಿಳಿದೂ ನಮೂನೆ ಹಿಡಿದು ಹೊರಟ. ಪ್ರೊಬೇಷನ್ ಮುಗಿಯಲು ಇನ್ನೆರಡು ತಿಂಗಳಿತ್ತು. ಅಂಥ ಕಾಲದಲ್ಲಿ ಮನುಷ್ಯನಿಗೆ ತಿಳಿದದ್ದೆಲ್ಲ ಹೊಟ್ಟೆಯೊಳಗೇ ಇರುತ್ತದೆ. ಒಂದು ಮೂಲೆ ಎತ್ತಿದರೆ ಸಾಕೆಂದು ಅವನು ಹೇಳುತ್ತಿದ್ದ. ಅವನು ಇಣುಕಿದ ಮೇಲೆ ಮನೆಯವರು ಇಣುಕಿದರು, ಅವರಾದ ಮೇಲೆ ಅಕ್ಕಪಕ್ಕದವರು. ಒಬ್ಬರ ಮನೆಯಲ್ಲಿ ಅಜ್ಜಿಗೆ ಕಣ್ಣು ಕಾಣದೆಂದು ಅರ್ಧ ಹಾಳೆಯನ್ನೇ ಸರಿಸಿದರು. ಹೀಗೆ ಒಂಬತ್ತು ಮನೆಗಳಿಗೂ ಗಾಳಿಯನ್ನು ಅವನೇ ಕೈಹಿಡಿದು ಕರೆದುಕೊಂಡು ಹೋದ.

ಹತ್ತನೆಯ ಮನೆ ಮುಚ್ಚಳದಕ್ಕನದು. ಅವಳು ಟೈರಿನ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಒಂದೇ ಮೂಲೆ ಅಕ್ಕ. ಬಣ್ಣ ನೋಡಿ ಬರ್ಕೊಂಡು ಹೋಗ್ಬಿಡ್ತೀನಿ."

"ನೀವು ನೋಡಿದ್ರೆ ಬಣ್ಣ ಬರುತ್ತಾ?"

"ಹಾಗಲ್ಲ, ಮೇಲಿನವರಿಗೆ ಬೇಕು."

"ಇದನ್ನ ತಿನ್ನೋರು ಮೇಲಿನವರಾ?"

ಅಡುಗೆಮನೆಯ ಕಿಟಕಿಯಿಂದ ಮೈದುನ ಕೂಗಿದ: "ಹಾಗೆಲ್ಲ ಆಸೆ ತೋರಿಸ್ಬೇಡಿ ಅತ್ತಿಗೆ, ತಿಂದ್ರೂ ತಿಂದಾರು!"

ಖಾನೆ ಖಾಲಿ ಉಳಿಯಿತು.

ಉಳಿದ ಒಂಬತ್ತು ನಮೂನೆಗಳನ್ನು ಗಾಳಿ ಸಾರ್ ಪ್ರಾಮಾಣಿಕವಾಗಿ ತುಂಬಿದ. ಹತ್ತನೆಯ ದಿನ 'ಹೊಂಬಣ್ಣ' ಎಂದು ಬರೆದ ಕಡೆ ಇಪ್ಪತ್ತನೆಯ ದಿನ 'ಬೂಷ್ಟಿನ ವಾಸನೆ' ಎಂದು ಬರೆಯಬೇಕಾಯಿತು. ಅವನ್ನು ಕಂಡರೆ ಡೈರಿಯ ಮೇಲ್ವಿಚಾರಕರು ಹೌಹಾರುತ್ತಾರೆ, ತೆಗೆದು ನೋಡುವುದನ್ನು ನಿಲ್ಲಿಸುತ್ತಾರೆ ಎಂದು ಎಣಿಸಿದ್ದ. ಮೇಲ್ವಿಚಾರಕರು ಓದುವ ಗೋಜಿಗೆ ಹೋಗುವವರಲ್ಲ. ಖಾನೆ ತುಂಬಿದೆಯೋ ಖಾಲಿಯೋ ಎಂದಷ್ಟೇ ನೋಡಿ, ಕೊಳೆಯುತ್ತಿದ್ದ ಒಂಬತ್ತಕ್ಕೂ 'ತೃಪ್ತಿಕರ' ಎಂದು ಮೊಹರು ಒತ್ತಿದರು. ಹತ್ತನೆಯದನ್ನು ಹಿಡಿದುಕೊಂಡು ಕುರ್ಚಿಯಿಂದ ಎದ್ದರು.

"ಇದೇನ್ರೀ ಇದು, ಖಾಲಿ?"

"ತೆಗೆಯೋಕೆ ಬಿಡಲ್ಲ ಸರ್. ಗಾಳಿ ತಾಗಿದ್ರೆ..."

"ಗಾಳಿ ವಿಷಯ ನಿಮ್ಮಿಂದ ಕೇಳ್ಬೇಕಾ ನಾನು?"



ಇಪ್ಪತ್ತೊಂದನೆಯ ದಿನ ಮೇಲ್ವಿಚಾರಕರೇ ಗಾಳಿ ಸಾರ್‌ನನ್ನು ಜೊತೆಗೆ ಕರೆದುಕೊಂಡು ಬಂದರು. ಕೊಟ್ಟಿಗೆಯ ನೆಲಕ್ಕೆ ತಾಗದಂತೆ ಹಿಮ್ಮಡಿ ಎತ್ತಿ ನಡೆದು, ಗುಂಡಿಯ ಪಕ್ಕ ನಿಂತು, ಕಾಗದ ನೋಡಿ ಹೇಳಿದರು: "ಈ ದಾಖಲೆ ಪ್ರಕಾರ ನಿಮ್ಮ ಗುಂಡಿಲಿ ಏನೂ ಆಗ್ತಾ ಇಲ್ಲಮ್ಮ."

"ಆಗ್ತಾ ಇದೆ ಸಾರ್. ದಾಖಲೆಗೆ ಗೊತ್ತಿಲ್ಲ."

"ನೋಡಿ, ಹಾಳೆ ನಮ್ಮದು. ಮೂವತ್ತನೇ ದಿನದೊಳಗೆ ಮೂರೂ ಖಾನೆ ತುಂಬ್ಲಿಲ್ಲ ಅಂದ್ರೆ ಹಾಳೆ ಸುತ್ಕೊಂಡು ಹೋಗ್ತೀವಿ. ಸಹಕರಿಸೋರು ಬೇಕಾದಷ್ಟು ಜನ ಇದ್ದಾರೆ."

  ಮೇಲ್ವಿಚಾರಕರು ಹೋದ ಮೇಲೆ ಮುಚ್ಚಳದಕ್ಕ ಮಣ್ಣು ಮೆತ್ತಿದ ಅಂಚಿನ ಸುತ್ತ ಒಂದು ಸುತ್ತು ಬಂದಳು, ಬಿರುಕು ಬಿಟ್ಟಲ್ಲಿ ಹೆಬ್ಬೆರಳಿನಿಂದ ಒತ್ತಿದಳು.

"ಹೊಸ ಹಾಳೆ ನಾನೇ ತರಬಹುದು," ಎಂದಳು ಹಿಂದೆ ಉಳಿದಿದ್ದ ಗಾಳಿ ಸಾರ್‌ಗೆ. "ಇದನ್ನ ತೆಗೆದು ಅದನ್ನ ಹಾಕೋಷ್ಟರಲ್ಲಿ ಆಗೋದೆಲ್ಲ ಆಗಿಹೋಗುತ್ತೆ. ಅಲ್ವಾ?"

"ಹೌದು ಅಕ್ಕ."

"ಇವೆರಡೂ ಬೇಸಿಗೆ ಕೊನೇಲಿ ಕರು ಹಾಕ್ತವೆ. ಅಲ್ಲೀವರೆಗೆ ನಿಂತ್ಕೊಂಡಿರ್ಬೇಕಷ್ಟೇ. ನಂಗೆ ಬೇರೇನೂ ಬೇಡ."

ಮೂವತ್ತನೆಯ ದಿನ ಗಾಳಿ ಸಾರ್ ಒಬ್ಬನೇ ಬಂದ. ಅವನ ಕೈಯಲ್ಲಿ ನಮೂನೆ; ಬೆಳಗ್ಗೆಯಷ್ಟೇ ಒಂಬತ್ತು ಮನೆಗಳಲ್ಲಿ ಮೃದುತ್ವ ನೋಡಿ ಬಂದ ಕೈ ಅದು, ಎಷ್ಟು ತೊಳೆದರೂ ನಾರುತ್ತಿತ್ತು. ಮುಚ್ಚಳದಕ್ಕ ಹೆಗಲ ಮೇಲಿನ ಟವಲ್ಲನ್ನು ಸೊಂಟಕ್ಕೆ ಬಿಗಿದು, ಹಾಳೆಗೂ ಅವನಿಗೂ ನಡುವೆ ನಿಂತಳು.

ಅವನು ಟೈರಿನ ಮೇಲೆ ಕುಳಿತ. ಮೊದಲ ಖಾನೆಯಲ್ಲಿ 'ಹೊಂಬಣ್ಣ' ಎಂದು ಬರೆದ. ಎದ್ದು ಹೋಗಿ ಅಡುಗೆಮನೆಯ ಕಿಟಕಿಯಲ್ಲಿ ಇಣುಕುತ್ತಿದ್ದ ಮೈದುನನಿಂದ ಬೇರೆ ಪೆನ್ನು ಇಸಿದುಕೊಂಡು ಎರಡನೆಯ ಖಾನೆಯಲ್ಲಿ 'ಹುಳಿಯೂ ಸಿಹಿಯೂ ಬೆರೆತ ವಾಸನೆ' ಎಂದು ಬರೆದ. ಮತ್ತೆ ತನ್ನ ಪೆನ್ನಿನಲ್ಲಿ, ಅಕ್ಷರವನ್ನು ಸ್ವಲ್ಪ ವಾಲಿಸಿ, 'ಮೆತ್ತಗಿದೆ'. ಕೆಳಗೆ ಮೂರು ಬೇರೆಬೇರೆ ತಾರೀಖು, ಮೂರು ರುಜು. ಜೀವನದಲ್ಲಿ ಇಸವಿಯನ್ನೂ ತಪ್ಪಾಗಿ ಬರೆಯದವನು ಚೊಚ್ಚಲ ಸುಳ್ಳಿಗೇ ಇಷ್ಟು ಕುಶಲತೆ ತೋರಿಸಿದ್ದು ಕಂಡು ಅವನಿಗೇ ದಿಗಿಲಾಯಿತು. ಒಂಬತ್ತು ಮನೆಗಳಲ್ಲಿ ನಿಜ ಬರೆಯುವುದಕ್ಕೆ ಮೇವನ್ನು ಕೊಲ್ಲಬೇಕಾಗಿತ್ತು. ಇಲ್ಲಿ ಅಂಥದ್ದೇನೂ ಬೇಕಾಗಲಿಲ್ಲ.

"ನೋಡದೇ ಬರೆದ್ರಾ?" ಎಂದು ಕೇಳಿದಳು.

"ಬರೆದೆ."

ಅವಳು ಸೊಂಟದ ಟವಲ್ಲು ಬಿಚ್ಚಿದಳು. ಒಳಗೆ ಹೋಗಿ ಚಹಾ ತಂದಳು. ಆ ಮನೆಯಲ್ಲಿ ಅವನಿಗೆ ಸಿಕ್ಕ ಮೊದಲ ಲೋಟ ಅದು.

ಗುಂಡಿ ತೆರೆಯುವ ದಿನಕ್ಕೆ ಡೈರಿಯ ನಿರ್ದೇಶಕರು ಬರುವರೆಂದು ಸುದ್ದಿಯಾಯಿತು. ಹತ್ತರಲ್ಲಿ ಯಾವುದನ್ನು ತೋರಿಸುವುದು? ಮೇಲ್ವಿಚಾರಕರು ಗಾಳಿ ಸಾರ್‌ನನ್ನು ಪಕ್ಕಕ್ಕೆ ಕರೆದು, ಅಷ್ಟು ದಿನದಲ್ಲಿ ಮೊದಲ ಸಲ ದನಿ ತಗ್ಗಿಸಿ ಕೇಳಿದರು: "ಮೂಗು ಬಿಟ್ಕೊಂಡು ನಿಲ್ಲೋ ಹಾಗಿರೋದು ಎಷ್ಟಿದೆ?"

"ಒಂದೇ ಸರ್."

"ಖಾನೆ ತುಂಬಿದೆ ತಾನೆ?"

"ತುಂಬಿದೆ ಸರ್."

"ಮತ್ತೆ? ಅಲ್ಲಿಗೇ ಹೋಗೋಣ."

ನಿರ್ದೇಶಕರು ಹೊಸಬರು, ವಯಸ್ಸಾದವರು, ಮೆದುಮಾತಿನವರು. ಅವರದೊಂದು ಕೆಟ್ಟ ಅಭ್ಯಾಸ ಯಾರಿಗೂ ಗೊತ್ತಿರಲಿಲ್ಲ: ಕೈಗೆ ಕೊಟ್ಟ ಕಾಗದವನ್ನು ಓದುತ್ತಿದ್ದರು.

ಟೈರುಗಳನ್ನು ಇಳಿಸಿದರು. ಮಣ್ಣು ಕೆರೆದರು. ಮುಚ್ಚಳದಕ್ಕ ಹಾಳೆಯ ತುದಿಯನ್ನು ಹಿಡಿದು ನಿಂತಳು, ಒಂದು ಕ್ಷಣ ಎತ್ತಲಿಲ್ಲ.  ಆಮೇಲೆ ಎತ್ತಿದಳು.

ಅಂಚಿನಲ್ಲಿ ಅಂಗೈಯಗಲ ಕಪ್ಪಾಗಿತ್ತು. ಅದನ್ನು ಸಲಿಕೆಯಿಂದ ಕೆರೆದು ಎಸೆದಳು. ಕೆಳಗಿನದು ಒಣಗಿದ ನಿಂಬೆಸಿಪ್ಪೆಯ ಬಣ್ಣ. ಹುಳಿಗೆ ಸ್ವಲ್ಪ ಬೆಲ್ಲ ಬಿದ್ದಂಥ ವಾಸನೆ ಕೊಟ್ಟಿಗೆಯನ್ನೆಲ್ಲ ತುಂಬಿತು. ನಿರ್ದೇಶಕರು ಒಂದು ಹಿಡಿ ತೆಗೆದು ಮೂಸಿ, "ಆಹಾ" ಎಂದರು. ಅವರು 'ಆಹಾ' ಅಂದದ್ದರಿಂದ ಮೇಲ್ವಿಚಾರಕರೂ ಮೂಸಿದರು.

ಅವಳಿಗೆ ಅವರ ಮೂಗಿನ ಮೇಲೆ ನಂಬಿಕೆಯಿರಲಿಲ್ಲ. ಬುಟ್ಟಿ ತುಂಬಿಸಿ ಗಬ್ಬದ ಹಸುವಿನ ಮುಂದಿನ ಗೋದಲಿಗೆ ಸುರಿದಳು. ಹಸು ಮೂಸಿತು. ಮೂತಿ ಎತ್ತಿತು.  ಮೂತಿಯನ್ನು ಮತ್ತೆ ಒಳಗಿಟ್ಟದ್ದು ಗೋದಲಿಯ ತಳ ನೆಕ್ಕುವವರೆಗೂ ಹೊರತೆಗೆಯಲಿಲ್ಲ. ಪಕ್ಕದವು ನಾಲ್ಕೂ ಹಗ್ಗ ಜಗ್ಗುತ್ತ ಕೂಗಿಕೊಂಡವು. "ತಾಳ್ರೇ, ನಿಮಗೂ ಇದೆ!" ಎಂದು ಬೈಯುತ್ತ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆವರನ್ನೇ ಒರೆಸಿಕೊಂಡದ್ದೆಂದು ಮೈದುನ ಆಮೇಲೆ ಎಲ್ಲರಿಗೂ ಹೇಳಿದ.

ಮೇಲ್ವಿಚಾರಕರು ಎದೆ ಉಬ್ಬಿಸಿದರು. "ಎಲ್ಲ ನಮ್ಮ ಪರಿಶೀಲನೆ ಸರ್. ಹತ್ತು ದಿನಕ್ಕೊಂದ್ಸಲ ತಪ್ಪದೆ ತೆಗೆದು ನೋಡಿದ್ದೀವಿ. ದಾಖಲೆ ಇದೆ."

ನಿರ್ದೇಶಕರು ಕನ್ನಡಕ ಹಾಕಿಕೊಂಡು ದಾಖಲೆಯ ಕಟ್ಟನ್ನು ಬಿಚ್ಚಿದರು. ಒಂದನೆಯ ಹಾಳೆ ಓದಿದರು. ಎರಡನೆಯದು. ಮೂರನೆಯದು. ಒಂಬತ್ತೂ ಮುಗಿಯುವಷ್ಟರಲ್ಲಿ ಅವರ ಹುಬ್ಬು ಕನ್ನಡಕದಿಂದ ಬಹಳ ಮೇಲಕ್ಕೆ ಹೋಗಿತ್ತು. ಹತ್ತನೆಯದನ್ನು ಎರಡು ಸಲ ಓದಿ, ಕೆಳಗಿನ ಮೂರು ರುಜುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಗಾಳಿ ಸಾರ್ ತನ್ನ ಚಪ್ಪಲಿಯ ಉಂಗುಷ್ಟವನ್ನು ಜೀವನದಲ್ಲಿ ಎಂದೂ ನೋಡಿರದವನಂತೆ ನೋಡತೊಡಗಿದ.

ನಿರ್ದೇಶಕರು ಅವನನ್ನು ಕೇಳಲಿಲ್ಲ. ಅವಳತ್ತ ತಿರುಗಿದರು.

"ನೋಡಿಮ್ಮ, ಈ ಗುಂಡೀನ ಮೂರು ಸಲ ತೆಗೆದು ನೋಡಿದ್ದೀವಿ ಅಂತ ಈ ಹುಡುಗರು ರುಜು ಹಾಕಿದ್ದಾರೆ. ನಿಜವಾಗ್ಲೂ ತೆಗೆದಿದ್ರಾ?"

ಮೇಲ್ವಿಚಾರಕರು ಅವಳತ್ತ ಕಣ್ಣು ಬಿಟ್ಟರು. ಮೈದುನ ಕಿಟಕಿಯಲ್ಲಿ ಕೆಮ್ಮಿದ. ಮುಚ್ಚಳದಕ್ಕ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು.

"ಇಲ್ಲ. ಒಂದ್ಸಲಾನೂ ತೆಗೆದಿಲ್ಲ. ತೆಗೆದಿದ್ರೆ ನೀವೀಗ ಮೂಗು ಮುಚ್ಕೊಂಡು ನಿಂತಿರ್ತಿದ್ರಿ. ಆ ಒಂಬತ್ತು ಮನೇಲಿ ತೆಗೆದಿದ್ದೂ ನಿಜ, ಬರೆದಿದ್ದೂ ನಿಜ. ಹೋಗಿ ಮೂಸಿ ನೋಡಿ."